ಗುರುವಾರ ಗುಡ್ಡ ಹತ್ತುತ್ತಿದ್ದ ನಮ್ಮವರು

ನಮ್ಮವರ ಹೆಸರು ಕಾಡಪ್ಪ. ಗಂಡನ ಹೆಸರು ಬಾಯಲ್ಲಿ ತರಬಾರದು ಅನ್ನುತ್ತಾರೆ. ಈಗ ತಂದರೆ ಯಾರಿಗೆ ಏನಾಗಬೇಕಿದೆ? ಅವರು ಹೋಗಿ ಎರಡು ವರ್ಷವಾಯಿತು.

ಇಂಡಿ ತಾಲ್ಲೂಕಿನಲ್ಲಿ ಭೀಮಾ ಹೊಳೆಯ ದಂಡೆಯ ಊರು ನಮ್ಮದು. ಎರೆಭೂಮಿ. ಎತ್ತ ನೋಡಿದರೂ ಸಪಾಟು. ಮದುವೆಯಾದ ವರ್ಷವೇ, ಎಪ್ಪತ್ಮೂರರಲ್ಲಿ, ಅವರ ಸೋದರಮಾವ ನಮ್ಮನ್ನು ಪುಣೆಗೆ ಕರೆಸಿಕೊಂಡ. ಭೋಸರಿಯ ಒಂದು ಎರಕದ ಕಾರ್ಖಾನೆಯಲ್ಲಿ ಇವರಿಗೆ ಕೆಲಸ ಕೊಡಿಸಿದ. ಅಲ್ಲಿ ಕಾಯಿಸಿ ನೀರು ಮಾಡಿದ ಕಬ್ಬಿಣವನ್ನು ಉಸುಕಿನ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಅಚ್ಚು ಒಡೆದು, ಸಾಮಾನಿಗೆ ಅಂಟಿದ ಉಸುಕು ಝಾಡಿಸಬೇಕು. ಅದು ಇವರ ಕೆಲಸ. ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ಮನೆಗೆ ಬಂದಾಗ ಹುಬ್ಬಿನಲ್ಲೂ ಉಸುಕು ಇರುತ್ತಿತ್ತು. ಹಿಟ್ಟಿನಂಥ ಸಣ್ಣ ಉಸುಕು. ನಾನು ಗುಡಿಸಿ ಹೊರಗೆ ಚೆಲ್ಲುತ್ತಿದ್ದೆ.

ಚಾಳಿನಲ್ಲಿ ಒಂದು ಖೋಲಿ. ನಾವಿಬ್ಬರೇ. ಮಕ್ಕಳಾಗಲಿಲ್ಲ. ಪಕ್ಕದ ಖೋಲಿಯಲ್ಲಿ ಸಿಂದಗಿ ಕಡೆಯ ಕಾಶವ್ವ.

ನಮ್ಮ ಭಾಗದ ಕಾರ್ಖಾನೆಗಳಿಗೆ ಗುರುವಾರ ಸೂಟಿ. ಊರಿಗೆಲ್ಲ ರವಿವಾರವಾದರೆ ನಮಗೆ ಗುರುವಾರ. ಒಂದು ಗುರುವಾರ ಇವರು ಖೇಡಕ್ಕೆ ಹೊರಟರು. ಅಲ್ಲಿ ನಮ್ಮೂರಿನ ಲಾಲಪ್ಪನಿಗೆ ಜ್ವರ ಬಂದಿತ್ತು, ನೋಡಿ ಬರಬೇಕಿತ್ತು. ರಾತ್ರಿ ಪಾಳಿ ಮುಗಿಸಿ ಬಂದವರು, ಮಲಗಲಿಲ್ಲ. ಕೆಂಪು ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದರು. ಕಣ್ಣು ಬಿಟ್ಟಾಗ ಬಸ್ಸು ಖಾಲಿ. ಖೇಡ ಎಂದೋ ಹಿಂದೆ ಹೋಗಿತ್ತು. ಏಕನಾಥ ಅನ್ನುವ ಕಂಡಕ್ಟರ್ ಭುಜ ಹಿಡಿದು ಅಲುಗಾಡಿಸುತ್ತಿದ್ದ.

"ಉಠಾ ಅಪ್ಪಾ. ಭೋರಗಿರೀ ಆಲೀ. ರಸ್ತಾ ಸಂಪಲಾ."

ಏಳು ಅಪ್ಪಾ, ಭೋರಗಿರಿ ಬಂತು, ರಸ್ತೆ ಮುಗಿಯಿತು ಅಂತ. ಮುಂದೆ ಬರೀ ಗುಡ್ಡ. ತಿರುಗಿ ಹೋಗುವ ಬಸ್ಸು ಸಂಜೆಗೆ. ಇಲ್ಲೇ ಕುಳಿತು ನೊಣ ಹೊಡಿ, ಇಲ್ಲವೇ ಕಾಡಿನ ಹಾದಿ ಹಿಡಿದು ಮೇಲೆ ಹೋಗು, ಭೀಮಾಶಂಕರದಲ್ಲಿ ಪುಣೆಯ ಬಸ್ಸು ಸಿಗುತ್ತದೆ ಅಂದನಂತೆ ಏಕನಾಥ. ಇವರು ಹಾದಿ ಹಿಡಿದರು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಧೋತರ ಹರಿದಿತ್ತು. ಮೊಣಕೈ ತರಚಿತ್ತು. ನಗುತ್ತಿದ್ದರು.

"ಎಲ್ಲಿ ಬಿದ್ದ ಬಂದ್ರಿ?" ಅಂದೆ.

"ಬಿದ್ದಿಲ್ಲ, ಜಿಗದ ಬಂದೀನಿ. ಭೀಮಾ ಹೊಳಿ ಜಿಗದೆ."

"ಕುಡದೀರೇನು?"

"ನಿನ್ನಾಣಿ ಅದ ಸಾವಂತ್ರಿ. ಒಂದ ಜಿಗತಕ್ಕ ಈ ದಂಡಿಯಿಂದ ಆ ದಂಡಿಗಿ. ಅಲ್ಲಿ ಅದು ಇನ್ನೂ ಕೂಸ ಅದ. ಕಲ್ಲಾಗ ಹರದಾಡತದ."

ಭೀಮಾ ಹುಟ್ಟುವುದು ಆ ಗುಡ್ಡದಲ್ಲೇ. ನಮ್ಮೂರಲ್ಲಿ ಆ ಹೊಳೆ ದಾಟಲು ಹರಗೋಲು ಬೇಕು. ಮಳೆಗಾಲದಲ್ಲಿ ಆಚೆ ದಂಡೆಯ ಮನುಷ್ಯ ಕಾಣುವುದಿಲ್ಲ. ಗೋಡೆಯಾಚೆಯಿಂದ ಕಾಶವ್ವ ಎಲ್ಲ ಕೇಳಿಸಿಕೊಂಡಿದ್ದಳು.

"ಏ ಸಾವಂತ್ರವ್ವಾ," ಅಂತ ಕೂಗಿದಳು. "ಇವತ್ತ ಹೊಳಿ ಜಿಗದಾನ, ನಾಳಿಗಿ ಸಮುದ್ರ ಜಿಗೀತಾನ. ಹಿಂದ ಬಾಲ ಮೂಡೇದೇನ ನೋಡ್ಕೋ ಮೊದ್ಲ!"

ಚಾಳೆಲ್ಲ ನಕ್ಕಿತು. ಇವರೂ ನಕ್ಕರು. ಲಾಲಪ್ಪನ ಜ್ವರ ತಾನೇ ಬಿಟ್ಟಿತು.

ಅಲ್ಲಿಂದ ಮುಂದೆ ಗುರುವಾರ ಅಂದರೆ ಗುಡ್ಡ. ಸಿಂಹಗಡಕ್ಕೆ ಹೋದರು, ಮುಳಶಿಯ ಕಡೆಯ ಕಾಡಿಗೆ ಹೋದರು. ಬಸ್ಸು ಎಲ್ಲಿಗೆ ಹೋಗಿ ನಿಲ್ಲುತ್ತದೋ ಅಲ್ಲಿಯವರೆಗೆ ಟಿಕೀಟು, ಮುಂದೆ ಕಾಲು. ಆದರೆ ತಿರುತಿರುಗಿ ಭೋರಗಿರಿಗೇ ಹೋಗುತ್ತಿದ್ದರು. ನಾನು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಡುತ್ತಿದ್ದೆ. ಅವರ ಚೀಲದಲ್ಲಿ ಟಾರ್ಚಿನ ಸೆಲ್ಲು, ಸೂಜಿ, ಎಲೆ ಅಡಿಕೆ ಸಹ ಇರುತ್ತಿತ್ತು. ಹಾದಿಯ ವಾಡಿಗಳಲ್ಲಿ, ಅಂದರೆ ನಾಲ್ಕಾರು ಗುಡಿಸಲಿನ ಊರುಗಳಲ್ಲಿ, ಜನ ತಮಗೆ ಬೇಕಾದದ್ದನ್ನು ತರಲು ಹೇಳಿ ಕಳಿಸುತ್ತಿದ್ದರು. ಬರುವಾಗ ಆ ಚೀಲದಲ್ಲಿ ಕವಳಿಹಣ್ಣೋ ನೇರಳೆಯೋ ಇರುತ್ತಿತ್ತು.

"ಏನ ಅದರಿ ಅಲ್ಲಿ?" ಅಂತ ಕೇಳಿದ್ದೆ ಒಮ್ಮೆ.

"ಏನೂ ಇಲ್ಲ. ಅದಕ್ಕ ಹೋಗ್ತೀನಿ."

ಮೇಲೆ ಭೀಮಾಶಂಕರನ ಗುಡಿಗೆ ಹೋಗಿ ಕೈ ಮುಗಿಯುತ್ತಿದ್ದರು, ನಿಜ. ಆದರೆ ದೇವರಿಗಾಗಿ ಹೋದವರಲ್ಲ. ಅವರಿಗೆ ಹತ್ತುವುದು ಬೇಕಾಗಿತ್ತು. ಹತ್ತಿ ಬಂದ ದಿನ ಚೆನ್ನಾಗಿ ಉಣ್ಣುತ್ತಿದ್ದರು, ಚೆನ್ನಾಗಿ ಮಲಗುತ್ತಿದ್ದರು. ಉಳಿದ ಆರು ದಿನ ಆ ಒಂದು ದಿನದ ಬಲದ ಮೇಲೆ ದುಡಿಯುತ್ತಿದ್ದರು ಅಂತ ನನಗೆ ಅನಿಸುತ್ತದೆ. ಸಂಬಂಧಿಕರ ಮದುವೆ ಗುರುವಾರ ಬಂದರೆ ಮುಖ ಸಣ್ಣದು ಮಾಡುತ್ತಿದ್ದರು.

ಎಂಬತ್ತೊಂದರ ಹೊತ್ತಿಗೆ ಅವರು ಮನೆಗೆ ಬರುವುದು ತಡವಾಗತೊಡಗಿತು. ಮೊದಲು ಮೇಲಿನಿಂದ ಮಧ್ಯಾಹ್ನದ ಬಸ್ಸು ಹಿಡಿಯುತ್ತಿದ್ದರು. ಆಮೇಲೆ ಅದು ತಪ್ಪತೊಡಗಿತು, ಕಡೆಯ ಬಸ್ಸಿಗೆ ಬರುತ್ತಿದ್ದರು. ಕೇಳಿದರೆ, "ಕುಂತಿದ್ದೆ," ಅನ್ನುತ್ತಿದ್ದರು. ಕೆಮ್ಮು ಇತ್ತು. ಎರಕದ ಕೆಲಸದವರಿಗೆ ಕೆಮ್ಮು ಇರುವುದೇ ಅಂತ ಎಲ್ಲರೂ ಅಂದರು. ಆಮೇಲೆ ನೀರಿನ ಕೊಡ ಎತ್ತಿದರೂ ನಿಂತು ಉಸಿರು ಎಳೆಯುವುದು ಶುರುವಾಯಿತು. ನಮ್ಮ ಕಡೆ ಉಸಿರು ಸಾಲದ ಬೇನೆಗೆ ದಮ್ಮು ಅನ್ನುತ್ತೇವೆ.

"ಇದು ದಮ್ಮುರಿ. ಡಾಕ್ಟರಿಗಿ ಹೇಳ್ರಿ," ಅಂದೆ.

"ಹೇಳೀನಿ. ಔಷಧ ಕೊಟ್ಟಾರ."

ನಿಜಕ್ಕೂ ಹೇಳಿದ್ದರು. ಕಾರ್ಖಾನೆಯ ಗೇಟಿನ ಪಕ್ಕದ ಖೋಲಿಗೆ ಒಬ್ಬ ಡಾಕ್ಟರು ಬರುತ್ತಿದ್ದರು. ಅವರು ಕೆಂಪು ಟಾನಿಕ್ ಕೊಟ್ಟಿದ್ದರು. ಬಾಟಲಿ ಮುಗಿದರೆ ಮತ್ತೊಂದು. ಖಾಲಿ ಬಾಟಲಿಗಳನ್ನು ತೊಳೆದು ನಾನು ಎಣ್ಣೆಗೆ ಇಟ್ಟುಕೊಂಡೆ. ಟಾನಿಕ್ ಕುಡಿದು ಹಸಿವು ಹೆಚ್ಚಿತು. ಉಸಿರು ಹೆಚ್ಚಲಿಲ್ಲ. ಆದರೂ ಗುರುವಾರ ತಪ್ಪಿಸಲಿಲ್ಲ.

ಒಂದು ದಿನ ನಲ್ಲಿಯ ಹತ್ತಿರ ಕಾಶವ್ವ ಕೊಡ ಕೆಳಗಿಟ್ಟು ಅಂದಳು, "ಸಾವಂತ್ರವ್ವಾ, ಒಂದ ಮಾತ ಹೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ. ಗುರುವಾರಕ್ಕೊಮ್ಮಿ ಗುಡ್ಡಕ್ಕ ಹೋಗ್ತಾನ, ಹೊತ್ತ ಮುಳಗಿದ ಮ್ಯಾಲ ಬರ್ತಾನ, ಬಂದವ್ನ ಸುಸ್ತಾಗಿ ಮಕ್ಕೋತಾನ. ಗುಡ್ಡದಾಗ ಯಾರನರೆ ಇಟ್ಟಾನೇನ ನೋಡ ನಮ್ಮವ್ವಾ."

"ಇಟ್ಟರ ಇಟ್ಕೋಳ್ಳಿ. ರೊಟ್ಟಿ ಬಡ್ಯೂದರೆ ತಪ್ಪತದ," ಅಂದೆ.

ನಕ್ಕೆವು. ಆದರೆ ಮುಂದಿನ ಗುರುವಾರ ನಾನೂ ಹೊರಟೆ. ಬೇರೆ ಹೆಂಗಸಿನ ಸಂಶಯವಿರಲಿಲ್ಲ. ಅಲ್ಲಿ ಅವರಿಗೆ ಏನಾದರೂ ಆದರೆ ನೋಡುವವರು ಯಾರು ಅನ್ನುವುದೇ ತಲೆಯಲ್ಲಿತ್ತು.

ಏಕನಾಥನ ಬಸ್ಸೇ. ನನ್ನನ್ನು ನೋಡಿ ಅವನು, "ಕಾಯ ಅಪ್ಪಾ, ಆಜ ಸರಕಾರ ಬರೋಬರ?" ಅಂದ. ಇವತ್ತು ಜೊತೆಗೆ ಸರಕಾರವೇ ಬಂದಿದೆಯೋ ಅಂತ. ಇವರಿಗೆ ಖುಷಿ. ನನಗೆ ಕಿಟಕಿಯ ಜಾಗ ಕೊಟ್ಟರು. ಖೇಡ ದಾಟಿದ ಮೇಲೆ ಗುಡ್ಡ ಹತ್ತಿರ ಬಂದವು. ನನಗೆ ಹೆದರಿಕೆಯಾಯಿತು. ನಾನು ಬಯಲಿನವಳು. ಎರಡೂ ಕಡೆ ಅಷ್ಟೆತ್ತರ ಏನಾದರೂ ನಿಂತಿದ್ದರೆ ಮೈಮೇಲೆ ಬಿದ್ದ ಹಾಗೆ ಅನಿಸುತ್ತದೆ.

ಭೋರಗಿರಿಯಲ್ಲಿ ಇಳಿದು ನಡೆದೆವು. ಗದ್ದೆ ಮುಗಿದು ಗಿಡಗಳು ಶುರುವಾದವು. ಒಳಗೆ ಬಿಸಿಲಿಲ್ಲ. ಹಾದಿ ಏರತೊಡಗಿತು. ಇವರು ಸ್ವಲ್ಪ ನಡೆದು ನಿಲ್ಲುತ್ತಿದ್ದರು. ನಿಂತು ಏನಾದರೂ ತೋರಿಸುತ್ತಿದ್ದರು.

"ನೋಡಲ್ಲಿ, ಅದು ಅಳಲೆಕಾಯಿ ಗಿಡ."

ಮತ್ತೆ ಸ್ವಲ್ಪ ನಡೆದು, "ಮ್ಯಾಲ ನೋಡು, ಶೇಕರು. ಅಳಿಲ ಅಲ್ಲ, ಅದರ ಮುತ್ಯಾ." ಬೆಕ್ಕಿನಷ್ಟು ದೊಡ್ಡ, ಕೆಂಚು ಬಣ್ಣದ, ಉದ್ದ ಬಾಲದ ಪ್ರಾಣಿ. ಕೊಂಬೆಯಿಂದ ಕೊಂಬೆಗೆ ಹಾರಿತು. ನಾನು ನೋಡಿದೆ.

ಮತ್ತೆ ನಿಂತರು. "ಇದು... ಇದು ನೋಡು..." ಏನನ್ನು ತೋರಿಸಬೇಕೋ ಅವರಿಗೆ ಹೊಳೆಯಲಿಲ್ಲ. ಅಲ್ಲಿ ಒಂದು ಕಲ್ಲು ಇತ್ತು. "ಕಲ್ಲು," ಅಂದರು.

ಆಗ ನನಗೆ ತಿಳಿಯಿತು. ಗಿಡ ತೋರಿಸಲು ನಿಲ್ಲುತ್ತಿರಲಿಲ್ಲ. ನಿಲ್ಲುವುದಕ್ಕೆ ಗಿಡ ತೋರಿಸುತ್ತಿದ್ದರು. ತುಟಿ ನೀಲಿಯಾಗಿತ್ತು. ಕತ್ತಿನ ನರ ಹಗ್ಗದ ಹಾಗೆ ಎದ್ದಿದ್ದವು.

ಸ್ವಲ್ಪ ಮೇಲೆ ಎರಡು ಮೂರು ಗುಡಿಸಲುಗಳ ವಾಡಿ ಇತ್ತು. ಅಂಗಳದಲ್ಲಿ ಒಬ್ಬ ಮುದುಕಿ ಅಳಲೆಕಾಯಿ ಒಣಹಾಕುತ್ತಿದ್ದಳು. ಅವಳಿಗೆ ಇವರ ಗುರುತಿತ್ತು.

"ದಮಲಾಸ ಕಾ ರೇ ಅಪ್ಪಾ?" ಅಂದಳು.

ಇವರು ತಲೆ ಆಡಿಸಿದರು. ಮಾತಾಡಲು ಆಗಲಿಲ್ಲ. ನಾನು ನನ್ನ ಹರಕು ಮರಾಠಿಯಲ್ಲಿ ಹೌದು ಆಜಿ, ಬಹಳ ದಮ್ಮು, ಎರಡು ವರ್ಷವಾಯಿತು ಅಂದೆ.

ಮುದುಕಿ ನಕ್ಕಳು. ಎರಡು ವರ್ಷ ಯಾರು ದಣಿಯುತ್ತಾರೆ ಮಗಳೇ, ಒಂದು ಗಳಿಗೆ ಕುಳಿತರೆ ಹೋಗುತ್ತದೆ ಅಂದಳು. ಬೆಲ್ಲ ನೀರು ತಂದಿಟ್ಟಳು. ನನಗೆ ಅರ್ಥವಾಗಲಿಲ್ಲ. ದಮ್ಮು ಬೆಲ್ಲ ತಿಂದರೆ ಹೋಗುತ್ತದೆಯೇ? ನಾನು ಎದೆ ಮುಟ್ಟಿಕೊಂಡು, ಬಾಯಿ ತೆರೆದು ಏದುಸಿರು ಬಿಟ್ಟು ತೋರಿಸಿದೆ. ಆಗ ಅವಳ ನಗು ನಿಂತಿತು. ಇವರ ಹತ್ತಿರ ಬಂದು ಮುಖ ನೋಡಿದಳು.

"ಅಗ ಬಾಈ, ಹೀ ತರ ಧಾಪ," ಅಂದಳು.

ಮರಾಠಿಯಲ್ಲಿ ದಮಲೋ ಅಂದರೆ ದಣಿದೆ ಅಂತ. ಅಷ್ಟೇ. ಉಸಿರು ಸಾಲದ್ದಕ್ಕೆ ಧಾಪ ಅನ್ನುತ್ತಾರೆ. ಇದು ಬೇರೆ, ಅದು ಬೇರೆ. ಮುದುಕಿ ನನಗೆ ಕೈ ಮಾಡಿ ಮಾಡಿ ತಿಳಿಸಿದಳು.

ಇವರ ಉಸಿರು ಕೆಳಗಿಳಿಯುವವರೆಗೆ ಕಾದೆ. ಆಮೇಲೆ ಕೇಳಿದೆ.

"ಡಾಕ್ಟರಿಗಿ ಏನಂತ ಹೇಳೀರಿ ನೀವು?"

"'ಮೀ ಫಾರ ದಮತೋ' ಅಂತ."

"ಧಾಪ ಅಂತ ಹೇಳಿಲ್ಲ?"

"ಆ ಮಾತ ನಂಗೆಲ್ಲಿ ಗೊತ್ತು? ಪಾಳಿ ಬಿಟ್ಟ ಕೂಡ್ಲೆ ಎಲ್ಲಾರೂ 'ದಮಲೋ ಬುವಾ, ದಮಲೋ' ಅಂತಾರ. ನಾ ಏನ ತಿಳಕೊಂಡೆ ಅಂದ್ರ, ಎಲ್ಲಾರಿಗೂ ದಮ್ಮು ಅದ, ಹಂಗ ನಂಗೂ ಅದ. ಅವರು ಯಾರೂ ರಜಾ ಹಾಕಂಗಿಲ್ಲ. ನಾ ಒಬ್ಬಾಂವ ಯಾಕ ದೊಡ್ಡದ ಮಾಡ್ಲಿ?"

ಹನ್ನೊಂದು ವರ್ಷ ಪುಣೆಯಲ್ಲಿ ದುಡಿದ ಮನುಷ್ಯ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಾಹೇಬರ ಮುಂದೆ ಮರಾಠಿಯಲ್ಲೇ ಮಾತಾಡುತ್ತಿದ್ದರು. ಎಲ್ಲ ಮಾತೂ ನಡೆದಿತ್ತು. ಈ ಒಂದು ಮಾತು ನಮ್ಮದರ ಹಾಗೇ ಕೇಳಿಸುತ್ತಿತ್ತು. ಅದಕ್ಕೇ ಅದರ ಅರ್ಥ ಯಾರನ್ನೂ ಕೇಳಲಿಲ್ಲ.

ಆ ದಿನ ಮೇಲೆ ಹೋಗಲಿಲ್ಲ. ತಿರುಗಿ ಇಳಿದೆವು.

ಮರುದಿನ ನಾನೂ ಡಾಕ್ಟರ ಖೋಲಿಗೆ ಹೋದೆ. ಇವರು, "ಧಾಪ ಲಾಗತೆ ಸಾಹೇಬ," ಅಂದರು. ಡಾಕ್ಟರು ತಲೆ ಎತ್ತಿದರು. ಎದೆಗೆ ನಳಿಕೆ ಇಟ್ಟು ಕೇಳಿದರು. ಬೆನ್ನಿಗೆ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು.

"ಮೊದಲೇ ಯಾಕೆ ಹೇಳಲಿಲ್ಲ?" ಅಂತ ಮರಾಠಿಯಲ್ಲಿ ಕೇಳಿದರು.

"ಹೇಳಿದ್ದೆ ಸಾಹೇಬ."

"ನೀನು ದಮತೋ ಅಂದೆ."

"ಹೌದು ಸಾಹೇಬ. ಅದೇ ಅಂದೆ."

ಡಾಕ್ಟರು ಕೆಟ್ಟವರಲ್ಲ. ಇವರೂ ಸುಳ್ಳು ಹೇಳಿದವರಲ್ಲ. ಯಾರನ್ನು ಬೈಯಲಿ?

ಎದೆರೋಗದ ಆಸ್ಪತ್ರೆಗೆ ಚೀಟಿ ಕೊಟ್ಟರು. ಎದೆಯ ಫೋಟೋ ತೆಗೆದರು. ಅಲ್ಲಿಯ ದೊಡ್ಡ ಡಾಕ್ಟರು ಕರಿ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ನನಗೆ ಪಕ್ಕೆಲುಬು ಕಂಡವು. ನಡುವೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ. ಉಸುಕಿನ ಧೂಳು ಒಳಗೆ ಹೋಗಿ ಕುಳಿತಿದೆ ಅಂದರು.

"ತಗೀಲಿಕ್ಕ ಬರ್ತದೇನ್ರಿ?" ಅಂದೆ. ಕನ್ನಡದಲ್ಲೇ ಅಂದುಬಿಟ್ಟೆ. ಅವರಿಗೆ ಹೇಗೋ ತಿಳಿಯಿತು. ತಲೆ ಅಲ್ಲಾಡಿಸಿದರು.

ಮೊದಲೇ ತಿಳಿದಿದ್ದರೆ ಆ ಕೆಲಸ ಬಿಡಿಸಬಹುದಿತ್ತು ಅಂದರು. ಬಿಡಿಸಿದ್ದರೆ ಉಳಿಯುತ್ತಿದ್ದರೇ ಅಂತ ಕೇಳಿದೆ. ಅದನ್ನು ಹೇಳಲಾಗದು ಅಂದರು. ಇವರು ಕೇಳಿದ್ದು ಒಂದೇ.

"ಗುಡ್ಡ ಹತ್ತಬಹುದಾ ಸಾಹೇಬ?"

"ಜಿನಾ ಸಹ ಹತ್ತಬೇಡ," ಅಂದರು ಡಾಕ್ಟರು. ಮನೆಯ ಮೆಟ್ಟಿಲು ಸಹ ಬೇಡ ಅಂತ.

ಕಾರ್ಖಾನೆಯವರು ಗೇಟಿನಲ್ಲಿ ಕೂರಿಸಿದರು. ಬರುವ ಹೋಗುವ ಲಾರಿಗೆ ಬಾಗಿಲು ತೆರೆಯುವ ಕೆಲಸ. ಅಲ್ಲಿ ಉಸುಕಿರಲಿಲ್ಲ. ಆದರೆ ಒಳಗೆ ಕುಳಿತದ್ದು ಸುಮ್ಮನೆ ಕೂರಲಿಲ್ಲ. ವರ್ಷದಿಂದ ವರ್ಷಕ್ಕೆ ಉಸಿರು ಗಿಡ್ಡವಾಯಿತು.

ಗುರುವಾರ ಬಂದರೆ ಬಸ್ಸು ಹತ್ತುವುದು ಮಾತ್ರ ಬಿಡಲಿಲ್ಲ. ನಾನು ಜಗಳ ಮಾಡಿದೆ, ಅತ್ತೆ, ಅನ್ನ ಬಿಟ್ಟೆ.

"ಡಾಕ್ಟರು ಹತ್ತಬ್ಯಾಡ ಅಂದಾರ. ಬಸ್ಸಿನಾಗ ಕುಂಡ್ರಬ್ಯಾಡ ಅಂದಿಲ್ಲ," ಅನ್ನುತ್ತಿದ್ದರು.

ಭೋರಗಿರಿಯವರೆಗೆ ಹೋಗಿ, ಕಡೆಯ ಸ್ಟಾಪಿನ ಚಹಾದ ಅಂಗಡಿಯಲ್ಲಿ ಕುಳಿತು, ಗುಡ್ಡ ನೋಡಿ, ಅದೇ ಬಸ್ಸಿಗೆ ತಿರುಗಿ ಬರುತ್ತಿದ್ದರು. ಟಿಕೀಟು ಕೊಡುವಾಗ ಏಕನಾಥ, "ಅಪ್ಪಾ, ನೀನು ನನಗಿಂತ ಹೆಚ್ಚು ಡ್ಯೂಟಿ ಮಾಡ್ತೀ. ಖಾಕಿ ಹೊಲಿಸಿಕೋ," ಅನ್ನುತ್ತಿದ್ದನಂತೆ. ಅವನು ಅಂದದ್ದನ್ನು ಮನೆಗೆ ಬಂದು ನನಗೆ ಹೇಳಿ ನಗುತ್ತಿದ್ದರು. ನಗು ಕೆಮ್ಮಾಗುತ್ತಿತ್ತು. ನಾನು ಬೆನ್ನು ತಿಕ್ಕುತ್ತಿದ್ದೆ. ಬೆನ್ನು ತಿಕ್ಕುವುದು ಬಿಟ್ಟು ನನಗೆ ಬೇರೇನು ಬರುತ್ತಿತ್ತು?

ಎಂಬತ್ತಾರರ ಹೋಳಿ ಹುಣ್ಣಿಮೆಯಾದ ಮೇಲೆ ಕಡೆಯ ಸಲ ಹೋದರು. ಒಬ್ಬರನ್ನೇ ಕಳಿಸುವ ಸ್ಥಿತಿ ಇರಲಿಲ್ಲ. ನಾನೂ ಹೋದೆ. ಬಸ್ಸಿನ ಮೆಟ್ಟಿಲು ಹತ್ತಿಸಲು ಏಕನಾಥ ಕೈ ಕೊಟ್ಟ. ಆ ದಿನ ಅವನು ಏನೂ ಚೇಷ್ಟೆ ಮಾಡಲಿಲ್ಲ.

ಚಹಾದ ಅಂಗಡಿಯ ಬೆಂಚಿನಲ್ಲಿ ಕುಳಿತರು. ಅರ್ಧ ಬಟ್ಟಲು ಚಹಾ ಕುಡಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಅಂದರು, "ನೀ ಹೋಗಿ ನೋಡಿ ಬಾ."

"ಏನ ನೋಡ್ಲಿ?"

"ವಾಡಿ ದಾಟಿ... ಮ್ಯಾಲ... ಹೊಳಿ ಎರಡ ಬಂಡಿಗಲ್ಲಿನ ನಡುವ ಇಳೀತದ. ಅಲ್ಲಿ ಒಂದ ನೇರಳ ಗಿಡ ಬಾಗೇದ. ಬೇರ ಸಡಲ ಆಗಿತ್ತು. ಇನ್ನೂ ನಿಂತದನ ನೋಡು."

ಇಷ್ಟು ಹೇಳಲು ಅವರು ಎಷ್ಟು ಸಲ ನಿಂತರೋ. ನಾನು ಎದ್ದೆ. ಸೆರಗು ಕಟ್ಟಿ ನಡೆದೆ. ತಿರುತಿರುಗಿ ನೋಡುತ್ತ ಹೋದೆ. ಅವರು ಬೆಂಚಿನ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ ಕುಳಿತಿದ್ದರು. ಗಿಡಗಳು ಶುರುವಾಗುವಲ್ಲಿ ಹಾದಿ ತಿರುಗುತ್ತದೆ. ಅದರಾಚೆ ಹೋದರೆ ಬೆಂಚು ಕಾಣುವುದಿಲ್ಲ. ನಾನು ಅಲ್ಲಿ ನಿಂತೆ. ಮುಂದೆ ಒಂದು ಹೆಜ್ಜೆ ಇಡಲಾಗಲಿಲ್ಲ. ಹಿಂದೆ ಬರಲೂ ಆಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತು ತಿರುಗಿ ಬಂದೆ.

"ಗಿಡ ಅದನ?" ಅಂದರು.

"ನೋಡಲಿಲ್ಲರಿ. ಅಷ್ಟ ದೂರ ಹೋಗಲಿಲ್ಲ. ನೀವೊಬ್ರ ಕುಂತಿದ್ರಿ."

ಅವರಿಗೆ ಸಿಟ್ಟು ಬಂತು. ನನ್ನ ಮೇಲೆ ಸಿಟ್ಟು ಮಾಡಿದ ಮನುಷ್ಯನಲ್ಲ. "ನಾ ಎಲ್ಲಿ ಓಡಿ ಹೋಗ್ತಿದ್ದೆ?" ಅಂದರು. ಅಂದು, ತಾವು ಅಂದದ್ದಕ್ಕೆ ತಾವೇ ನಕ್ಕರು. ನಕ್ಕು ಕೆಮ್ಮಿದರು. ಕೆಮ್ಮು ನಿಲ್ಲಲಿಲ್ಲ. ಚಹಾದವನು ಓಡಿ ಬಂದ. ಏಕನಾಥ ಡ್ರೈವರನಿಗೆ ಹೇಳಿ ಬಸ್ಸು ಬೆಂಚಿನ ಹತ್ತಿರ ತರಿಸಿದ. ದಾರಿಯುದ್ದಕ್ಕೂ ಅವರ ತಲೆ ನನ್ನ ಹೆಗಲ ಮೇಲಿತ್ತು. ಯಾವ ಗಿಡ ಅಂತ ಏಕನಾಥ ನನ್ನನ್ನು ಕೇಳಿಕೊಂಡ.

ಮುಂದಿನ ವಾರ ಒಂದು ಮುಂಜಾನೆ ಏಕನಾಥನ ಬಸ್ಸು ಭೋಸರಿಯಲ್ಲಿ ನಿಂತಾಗ ನಾನು ಔಷಧ ತರಲು ಆ ಕಡೆ ಹೋಗಿದ್ದೆ. ಅವನು ಬಾಗಿಲಿನಿಂದ ಅರ್ಧ ಹೊರಗೆ ಬಂದು ಕೂಗಿದ, "ವಹಿನೀ! ಅಪ್ಪಾಲಾ ಸಾಂಗಾ, ಝಾಡ ಆಹೆ!" ಅತ್ತಿಗೆ, ಅಪ್ಪನಿಗೆ ಹೇಳಿ, ಗಿಡ ಇದೆ ಅಂತ. ವಾಡಿಯ ಮುದುಕಿಯನ್ನು ವಿಚಾರಿಸಿದ್ದನಂತೆ. ಬಸ್ಸು ಹೋಯಿತು.

ನಾನು ಬೇಗ ಬೇಗ ಮನೆಗೆ ಬಂದೆ. "ಗಿಡ ಅದ ಅಂತರಿ. ಏಕನಾಥ ಹೇಳಿದ," ಅಂದೆ. ಅವರು ಒಂದು ಕೈ ಸ್ವಲ್ಪ ಎತ್ತಿದರು. ಆಮೇಲೆ ಹೇಳು ಅನ್ನುವ ಹಾಗೆ. ಅವರು ಉಸಿರು ಎಳೆಯುತ್ತಿದ್ದರು. ಅದೊಂದೇ ಕೆಲಸ ಉಳಿದಿತ್ತು ಅವರಿಗೆ, ಅದಕ್ಕೇ ಪುರಸೊತ್ತಿರಲಿಲ್ಲ.

ಮಲಗಲು ಆಗುತ್ತಿರಲಿಲ್ಲ. ಕೌದಿಗಳನ್ನು ಒಂದರ ಮೇಲೊಂದು ಇಟ್ಟು, ಅದರ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸಿದ್ದೆ. ಆಸ್ಪತ್ರೆಯವರು ಕೊಡುವುದೆಲ್ಲ ಕೊಟ್ಟು ಮನೆಗೆ ಕಳಿಸಿದ್ದರು. ಚಾಳಿನವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಬಾಗಲಾಗ ನಿಂದ್ರಬ್ಯಾಡ್ರೀ ಯಪ್ಪಾ, ಗಾಳಿ ಬರ್ಲಿ," ಅಂತ ಕಾಶವ್ವ ಅವರನ್ನು ಓಡಿಸುತ್ತಿದ್ದಳು.

ಗಾಳಿಗೆ ಕೊರತೆ ಇರಲಿಲ್ಲ. ಬೇಸಿಗೆಯ ಗಾಳಿ. ಕಿಟಕಿಯಿಂದ ಬಂದು ಬಾಗಿಲಿನಿಂದ ಹೋಗುತ್ತಿತ್ತು. ಗೋಡೆಯ ಕ್ಯಾಲೆಂಡರು ಪಟಪಟ ಬಡಿದುಕೊಳ್ಳುತ್ತಿತ್ತು. ಒಣಹಾಕಿದ ಸೀರೆ ಹಾರಿ ಅವರ ಮುಖಕ್ಕೆ ತಾಗುತ್ತಿತ್ತು. ಅಷ್ಟು ಗಾಳಿಯಲ್ಲಿ ಒಂದು ಗುಕ್ಕು ಅವರೊಳಗೆ ಹೋಗುತ್ತಿರಲಿಲ್ಲ. ನಾನು ಬೀಸಣಿಗೆ ಹಿಡಿದು ಎದುರಿಗೆ ಕುಳಿತೆ. ಬೀಸಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನೋಡುವುದು ನಿಂತಿತು. ನಾನು ಬೀಸುತ್ತಲೇ ಇದ್ದೆ.

ಕಾಶವ್ವ ಬಂದು ನನ್ನ ಮಣಿಕಟ್ಟು ಹಿಡಿದಳು.

"ಸಾಕ ಬಿಡವ್ವಾ," ಅಂದಳು.